ಕಣದಿಂದ ಬಾಯ್ಲರ್‌ವರೆಗಿನ ದಾರಿ

ಭೂಮಿಯಲ್ಲಿ ಬೆಳೆದದ್ದರಲ್ಲಿ ಮನುಷ್ಯನ ತಟ್ಟೆಗೆ ಬರುವ ಪಾಲು ಸಣ್ಣದು. ಒಂದು ಟನ್ ಭತ್ತ ಚೀಲ ಸೇರುವಷ್ಟರಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ, ಕೆಲವೊಮ್ಮೆ ಅದಕ್ಕೂ ಮಿಕ್ಕಿದ ಹುಲ್ಲು ಗದ್ದೆಯಲ್ಲಿ ಉಳಿದಿರುತ್ತದೆ. ಅದೇ ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು 200 ಕಿಲೋ ಹೊಟ್ಟು ಬೇರೆಯಾಗುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಸಿಪ್ಪೆ ಮತ್ತು ರವದಿ, ಕಲಬುರಗಿಯ ತೊಗರಿ ಕಟ್ಟಿಗೆ, ರಾಯಚೂರಿನ ಹತ್ತಿ ಕಟ್ಟಿಗೆ, ದಾವಣಗೆರೆ–ಹಾವೇರಿ ಕಡೆಯ ಮೆಕ್ಕೆಜೋಳದ ದಂಟು ಮತ್ತು ದಿಂಡು, ಚಳ್ಳಕೆರೆಯ ಎಣ್ಣೆ ಗಿರಣಿಗಳ ಶೇಂಗಾ ಹೊಟ್ಟು, ತಿಪಟೂರಿನ ಕರಟ, ಮಲೆನಾಡಿನ ಅಡಿಕೆ ಸಿಪ್ಪೆ, ಕೊಡಗು–ಚಿಕ್ಕಮಗಳೂರಿನ ಕಾಫಿ ಹೊಟ್ಟು ಹೀಗೆ ಪ್ರತಿ ಬೆಳೆಗೂ ಅದರದೇ ಆದ ಉಳಿಕೆ ಇದ್ದು, ಇಂಧನಶಾಸ್ತ್ರವು ಇವೆಲ್ಲವನ್ನೂ ಜೀವರಾಶಿ ಅಥವಾ ಬಯೋಮಾಸ್ ಎಂಬ ಒಂದೇ ಹೆಸರಿನಡಿ ತರುತ್ತದೆ. ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಜೀವರಾಶಿ ಲಭ್ಯವಿದ್ದು, ಅದರಲ್ಲಿ ಸುಮಾರು 23 ಕೋಟಿ ಟನ್ ಇತರ ಬಳಕೆಗಳನ್ನು ಕಳೆದ ಮೇಲೂ ಹೆಚ್ಚುವರಿಯಾಗಿ ಉಳಿಯುತ್ತದೆ. ಈ ಹೆಚ್ಚುವರಿಯಿಂದ 28,000 ಮೆಗಾವಾಟ್, ಸಕ್ಕರೆ ಕಾರ್ಖಾನೆಗಳ ಸಿಪ್ಪೆಯಿಂದ ಪ್ರತ್ಯೇಕವಾಗಿ 14,000 ಮೆಗಾವಾಟ್ ವಿದ್ಯುತ್ ಸಾಮರ್ಥ್ಯ ಸಾಧ್ಯವೆಂದು ಅದು ಹೇಳುತ್ತದೆ.

ಈಗಾಗಲೇ ಸ್ಥಾಪಿತವಾಗಿರುವುದು 10,000 ಮೆಗಾವಾಟ್‌ಗಿಂತ ತುಸು ಹೆಚ್ಚು, ಅದರಲ್ಲಿಯೂ ಬಹುಪಾಲು ಸಕ್ಕರೆ ಕಾರ್ಖಾನೆಗಳದ್ದು; ಮಹಾರಾಷ್ಟ್ರ, ಉತ್ತರ ಪ್ರದೇಶಗಳ ಜೊತೆಗೆ ಕರ್ನಾಟಕವೂ ಈ ಪಟ್ಟಿಯ ಮುಂಚೂಣಿಯಲ್ಲಿದೆ. ಹೊಲದಲ್ಲಿ ಚದುರಿ ಬಿದ್ದಿರುವ ಉಳಿಕೆಯನ್ನೇ ನಂಬಿಕೊಂಡು ನಿಂತ ಸ್ಥಾವರಗಳ ಪಾಲು ಬಹಳ ಕಡಿಮೆ, ಅವುಗಳಲ್ಲಿಯೂ ಅನೇಕವು ಬಾಗಿಲು ಹಾಕಿವೆ. ಒಂದೇ ಬಗೆಯ ವಸ್ತು ಒಂದು ಕಡೆ ಲಾಭದ ಇಂಧನವಾಗಿ, ಮತ್ತೊಂದು ಕಡೆ ನಷ್ಟದ ಇಂಧನವಾಗಿ ವರ್ತಿಸುವುದಕ್ಕೆ ಕಾರಣವನ್ನು ಬಾಯ್ಲರಿನ ಒಳಗೆ ಹುಡುಕಿದರೆ ಸಿಗುವುದಿಲ್ಲ. ಅದನ್ನು ಹೊಲದಿಂದ ಬಾಯ್ಲರಿನ ಬಾಯಿಗೆ ಉಳಿಕೆಯನ್ನು ತರುವವರು ಯಾರು, ಯಾರ ಖರ್ಚಿನಲ್ಲಿ ತರುತ್ತಾರೆ ಎಂಬ ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ.

ಸಸ್ಯವು ಬಿಸಿಲಿನ ನೆರವಿನಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೆಲದ ನೀರನ್ನು ಜೋಡಿಸಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ಮುಖ್ಯ ವಸ್ತುಗಳನ್ನು ಕಟ್ಟಿಕೊಳ್ಳುತ್ತದೆ. ಮೊದಲೆರಡು ಸಕ್ಕರೆಯ ಅಣುಗಳ ಉದ್ದನೆಯ ಸರಪಳಿಗಳಾದರೆ, ಲಿಗ್ನಿನ್ ಅವುಗಳನ್ನು ಬಿಗಿದು ಹಿಡಿಯುವ ಗಟ್ಟಿ ಅಂಟು. ಕಾಂಡ ಬಾಗದೆ ನಿಲ್ಲುವುದು ಅದರ ಬಲದಿಂದಲೇ. ಸಸ್ಯವನ್ನು ಸುಟ್ಟಾಗ ಬಿಡುಗಡೆಯಾಗುವ ಇಂಗಾಲವು ಕೆಲವೇ ತಿಂಗಳುಗಳ ಅಥವಾ ವರ್ಷಗಳ ಹಿಂದೆ ಗಾಳಿಯಿಂದ ಪಡೆದದ್ದೇ ಆಗಿರುವುದರಿಂದ, ಮುಂದಿನ ಬೆಳೆ ಅದನ್ನು ಮರಳಿ ಹೀರಿಕೊಳ್ಳುತ್ತದೆ ಎಂಬ ನೆಲೆಯಲ್ಲಿ ಜೀವರಾಶಿಯನ್ನು ನವೀಕರಿಸಬಹುದಾದ ಇಂಧನಗಳ ಸಾಲಿಗೆ ಸೇರಿಸಲಾಗಿದೆ. ಉಳಿಕೆಯನ್ನು ಸಾಗಿಸುವ ಟ್ರ್ಯಾಕ್ಟರಿನ ಡೀಸೆಲ್ ಮಾತ್ರ ಈ ಚಕ್ರದ ಹೊರಗಿನದು.

ಪೂರ್ತಿ ಒಣಗಿದ ಸಸ್ಯವಸ್ತುವಿನ ಒಂದು ಕಿಲೋದಲ್ಲಿ 4,000 ಕಿಲೋ ಕ್ಯಾಲೊರಿ ಅಥವಾ ಅದಕ್ಕೂ ತುಸು ಹೆಚ್ಚು ಶಾಖವಿದ್ದು, ಬೂದಿ ಹೆಚ್ಚಿರುವ ಭಾರತದ ಕಲ್ಲಿದ್ದಲಿಗೆ ಅದು ತೂಕದ ಲೆಕ್ಕದಲ್ಲಿ ಸರಿಸಮ. ಆದರೆ ಹೊಲದಿಂದ ಬರುವ ಯಾವ ವಸ್ತುವೂ ಪೂರ್ತಿ ಒಣಗಿರುವುದಿಲ್ಲ, ಅದರೊಳಗಿನ ಪ್ರತಿ ಕಿಲೋ ನೀರನ್ನು ಆವಿಯಾಗಿಸಲು ಸುಮಾರು 600 ಕಿಲೋ ಕ್ಯಾಲೊರಿ ವ್ಯರ್ಥವಾಗುತ್ತದೆ. ಅರ್ಧಕ್ಕರ್ಧ ತೇವವಿರುವ ಕಬ್ಬಿನ ಸಿಪ್ಪೆಯ ಶಾಖಮೌಲ್ಯ ಕಿಲೋಗೆ 2,200 ಕಿಲೋ ಕ್ಯಾಲೊರಿಯ ಆಸುಪಾಸಿಗೆ ಇಳಿಯುವುದು ಇದರಿಂದಲೇ. ತೇವಕ್ಕಿಂತಲೂ ದೊಡ್ಡ ತೊಡಕು ಗಾತ್ರದ್ದು. ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 800 ಕಿಲೋ ಕಲ್ಲಿದ್ದಲು ಹಿಡಿದರೆ, ಅದೇ ಜಾಗದಲ್ಲಿ ಸಡಿಲವಾಗಿ ತುಂಬಿದ ಹುಲ್ಲು 100 ಕಿಲೋ ಮುಟ್ಟುವುದೂ ಕಷ್ಟ. ಆಳೆತ್ತರಕ್ಕೆ ಹುಲ್ಲು ಹೇರಿಕೊಂಡು ರಸ್ತೆಯ ಅಗಲವನ್ನೆಲ್ಲ ಆಕ್ರಮಿಸಿ ಸಾಗುವ ಟ್ರ್ಯಾಕ್ಟರ್ ಹೊತ್ತೊಯ್ಯುವುದು ಹೆಚ್ಚಾಗಿ ಗಾಳಿಯನ್ನೇ.

ಈ ಎರಡೂ ತೊಡಕುಗಳನ್ನು ಯಾವ ಯಂತ್ರಶಾಸ್ತ್ರದ ನೆರವೂ ಇಲ್ಲದೆ ಬಹಳ ಹಿಂದೆಯೇ ಪರಿಹರಿಸಿಕೊಂಡ ಜಾಗವೆಂದರೆ ಆಲೆಮನೆ. ಮಂಡ್ಯ ಸೀಮೆಯ ಆಲೆಮನೆಯಲ್ಲಿ ಗಾಣದಿಂದ ಹೊರಬಿದ್ದ ಸಿಪ್ಪೆಯನ್ನು ಪಕ್ಕದ ಬಯಲಿನಲ್ಲಿಯೇ ಹರಡಿ, ಬಿಸಿಲಿಗೆ ಗರಿಗರಿಯಾದ ಮೇಲೆ ಗುಡ್ಡೆ ಹಾಕಿ, ಕೊಪ್ಪರಿಗೆಯ ಕೆಳಗಿನ ಒಲೆಗೆ ಹಿಡಿಹಿಡಿಯಾಗಿ ಒಬ್ಬಾತ ನೂಕುತ್ತಲೇ ಇರುತ್ತಾನೆ. ಕಬ್ಬಿನ ಹಾಲು ಉಕ್ಕಿ ಬರುವಾಗ ಉರಿ ತಗ್ಗಿಸುವುದೂ ಪಾಕ ಹದಕ್ಕೆ ಬರುವಾಗ ಒಲೆ ಹಾಕುವುದನ್ನೇ ನಿಲ್ಲಿಸುವುದೂ ಅವನ ಕಣ್ಣಳತೆಯ ಕೆಲಸ. ಕಬ್ಬಿನ ಹಾಲನ್ನು ಬೆಲ್ಲವಾಗಿಸಲು ಬೇಕಾದ ಇಂಧನವನ್ನು ಆ ಕಬ್ಬಿನ ಸಿಪ್ಪೆಯೇ ಬಹುಮಟ್ಟಿಗೆ ಒದಗಿಸುತ್ತದೆ, ಅದಕ್ಕೆ ಸಾಗಣೆಯ ಖರ್ಚು ಎಂಬುದೇ ಇಲ್ಲ.

ಸಕ್ಕರೆ ಕಾರ್ಖಾನೆ ಇದೇ ತತ್ವದ ಬೃಹತ್ ರೂಪ. ಒಂದು ಟನ್ ಕಬ್ಬು ಅರೆದರೆ 280ರಿಂದ 300 ಕಿಲೋ ಸಿಪ್ಪೆ ಸಿಗುವುದರಿಂದ, ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯ ಅಂಗಳದಲ್ಲಿ ಪ್ರತಿದಿನ ಸುಮಾರು 1,400 ಟನ್ ಇಂಧನ ತಾನಾಗಿಯೇ ಬಂದು ಬೀಳುತ್ತದೆ. ಅದನ್ನು ತಂದ ಲಾರಿ, ಟ್ರ್ಯಾಕ್ಟರ್, ಎತ್ತಿನಗಾಡಿಗಳ ಬಾಡಿಗೆ ಸಕ್ಕರೆಯ ಲೆಕ್ಕದಲ್ಲಿ ಮೊದಲೇ ಸಂದಾಯವಾಗಿರುತ್ತದೆ. ಇಷ್ಟಿದ್ದರೂ ಬಹುಕಾಲ ಈ ಸಿಪ್ಪೆಯನ್ನು ಬೇಕೆಂದೇ ದುಂದುಮಾಡಲಾಗುತ್ತಿತ್ತು. ಹಳೆಯ ಕಾರ್ಖಾನೆಗಳ ಬಾಯ್ಲರುಗಳು ವಾತಾವರಣದ ಒತ್ತಡದ ಸುಮಾರು ಇಪ್ಪತ್ತು ಪಟ್ಟು, ಅಂದರೆ 21 ಬಾರ್ ಒತ್ತಡದಲ್ಲಿ ಹಬೆ ತಯಾರಿಸುತ್ತಿದ್ದವು. ಅದು ಕಾರ್ಖಾನೆಯ ಸ್ವಂತ ಅಗತ್ಯಕ್ಕೆ ಸಾಕಾಗುತ್ತಿತ್ತು, ಉಳಿದ ಸಿಪ್ಪೆ ಗುಡ್ಡೆಯಾಗಿ ಬಿದ್ದರೆ ಬೆಂಕಿಯ ಭಯ ಇದ್ದುದರಿಂದ ಬಾಯ್ಲರ್ ಹೆಚ್ಚು ತಿಂದಷ್ಟೂ ಒಳ್ಳೆಯದೆಂಬ ಭಾವನೆ ಬೆಳೆದಿತ್ತು.

1990ರ ದಶಕದಲ್ಲಿ ಕೇಂದ್ರ ಸರ್ಕಾರ ಸಹವಿದ್ಯುತ್ ಉತ್ಪಾದನೆಗೆ, ಕಾರ್ಖಾನೆಯವರ ಮಾತಿನಲ್ಲಿ ಕೋಜನ್ ಘಟಕಗಳಿಗೆ, ಉತ್ತೇಜನ ಕೊಡಲು ತೊಡಗಿದಾಗ ಈ ಲೆಕ್ಕ ತಲೆಕೆಳಗಾಯಿತು. ಸಹವಿದ್ಯುತ್ ಎಂದರೆ ಒಂದೇ ಹಬೆಯಿಂದ ಎರಡು ಕೆಲಸ ಮಾಡಿಸಿಕೊಳ್ಳುವುದು: ಹೆಚ್ಚಿನ ಒತ್ತಡದ ಹಬೆ ಮೊದಲು ಟರ್ಬೈನ್ ತಿರುಗಿಸಿ ವಿದ್ಯುತ್ ಕೊಡುತ್ತದೆ, ಒತ್ತಡ ಕಳೆದುಕೊಂಡು ಹೊರಬಂದ ಹಬೆ ಕಬ್ಬಿನ ಹಾಲನ್ನು ಕುದಿಸಿ ಗಟ್ಟಿಗೊಳಿಸಲು ಬಳಕೆಯಾಗುತ್ತದೆ. ಬರೀ ವಿದ್ಯುತ್ ತಯಾರಿಸುವ ಸ್ಥಾವರದಲ್ಲಿ ಟರ್ಬೈನ್ ದಾಟಿದ ಹಬೆಯ ಶಾಖವೆಲ್ಲ ತಂಪುಗೋಪುರದ ಮೂಲಕ ಗಾಳಿಗೆ ಸೇರಿಹೋಗುತ್ತದೆ. ಸಕ್ಕರೆ ಕಾರ್ಖಾನೆಗೆ ಬೇಕಾಗಿರುವುದು ಆ ಕಡಿಮೆ ಒತ್ತಡದ ಹಬೆಯೇ. ಬಾಯ್ಲರಿನ ಒತ್ತಡವನ್ನು 21 ಬಾರ್‌ನಿಂದ 45, 67, 87, ಈಚೆಗೆ 110 ಬಾರ್‌ವರೆಗೆ ಏರಿಸುತ್ತ ಬಂದಂತೆ, ಅಷ್ಟೇ ಸಿಪ್ಪೆಯಿಂದ ಸಿಗುವ ವಿದ್ಯುತ್ತಿನ ಪ್ರಮಾಣ ಹಲವು ಪಟ್ಟು ಹೆಚ್ಚಿತು. ಅಧಿಕ ಒತ್ತಡದ ಘಟಕದಲ್ಲಿ ಒಂದು ಟನ್ ಕಬ್ಬಿನಿಂದ ಸುಮಾರು 120 ಯೂನಿಟ್ ಉತ್ಪಾದನೆಯಾಗಿ, ಕಾರ್ಖಾನೆಯ ಸ್ವಂತ ಬಳಕೆಗೆ ಅದರಲ್ಲಿ ಕಾಲು ಭಾಗದಷ್ಟು ಹೋದರೂ ಉಳಿದದ್ದನ್ನು ಗ್ರಿಡ್‌ಗೆ, ಎಂದರೆ ರಾಜ್ಯದ ವಿದ್ಯುತ್ ಜಾಲಕ್ಕೆ, ಮಾರಬಹುದು. ಮೇಲೆ ಹೇಳಿದ 5,000 ಟನ್ನಿನ ಕಾರ್ಖಾನೆ ಈ ಲೆಕ್ಕದಲ್ಲಿ 25 ಮೆಗಾವಾಟ್‌ನ ವಿದ್ಯುತ್ ಸ್ಥಾವರವೂ ಹೌದು.

ಕರ್ನಾಟಕದ ಮಟ್ಟಿಗೆ ಇದರ ಕಾಲಮಾನವೂ ಅನುಕೂಲಕರವಾಗಿದೆ. ಕಬ್ಬು ಅರೆಯುವ ಹಂಗಾಮು ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಿಗೆಯ ಹೊಸ್ತಿಲವರೆಗೆ ನಡೆಯುತ್ತದೆ. ಶರಾವತಿ, ಕಾಳಿ ಜಲಾಶಯಗಳ ನೀರನ್ನು ಉಳಿತಾಯ ಮಾಡಬೇಕಾದ, ಗಾಳಿಯಂತ್ರಗಳ ಉತ್ಪಾದನೆ ಇಳಿದಿರುವ ತಿಂಗಳುಗಳಲ್ಲಿ ಕೋಜನ್ ವಿದ್ಯುತ್ ಗ್ರಿಡ್‌ಗೆ ಬರುತ್ತದೆ, ಅದೂ ಸೂರ್ಯ ಮುಳುಗಿದ ಮೇಲೆಯೂ ಬರುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ವಿದ್ಯುತ್ ಅಭಾವ ತಲೆದೋರಿದಾಗ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಪ್ರಯೋಗಿಸಿ, ರಾಜ್ಯದೊಳಗಿನ ಉತ್ಪಾದಕರು ಗರಿಷ್ಠ ಸಾಮರ್ಥ್ಯದಲ್ಲಿ ಉತ್ಪಾದಿಸಿ ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಇದರ ಇನ್ನೊಂದು ಮುಖವೂ ಇದೆ. ಮಳೆ ಕೈಕೊಟ್ಟ ಮರುವರ್ಷ ಕಬ್ಬು ಕಡಿಮೆಯಾದರೆ ಸಿಪ್ಪೆಯೂ ಕಡಿಮೆ. ಹಂಗಾಮು ಮುಗಿದ ಮೇಲೆ ಬಾಯ್ಲರ್ ಓಡಿಸಬೇಕೆಂದರೆ ಹೊರಗಿನಿಂದ ಕಲ್ಲಿದ್ದಲನ್ನೋ ಬೇರೆ ಉಳಿಕೆಯನ್ನೋ ಕೊಂಡು ತರಬೇಕು.

ಕಾರ್ಖಾನೆಯ ಗೇಟಿನಿಂದ ಆಚೆ ಬಂದ ಕೂಡಲೇ ಕಥೆ ಬದಲಾಗುತ್ತದೆ. ಕಬ್ಬು ಕಡಿದ ಗದ್ದೆಯಲ್ಲಿ ಸಿಪ್ಪೆಯಷ್ಟೇ ಒಳ್ಳೆಯ ಇಂಧನವಾದ ರವದಿ, ಮಂಡ್ಯದ ಕಡೆ ಸೋಗೆ ಅಥವಾ ತರಗು ಎನ್ನುವ ಒಣಗಿದ ಎಲೆ, ಎಕರೆಗೆ ಮೂರು ನಾಲ್ಕು ಟನ್ ಬಿದ್ದಿರುತ್ತದೆ. ಕೂಳೆ ಬೆಳೆಗೆ ನೀರು ಹಾಯಿಸುವ ಅವಸರದಲ್ಲಿರುವ ರೈತ ಒಂದು ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಗದ್ದೆ ಚೊಕ್ಕಟವಾಗುತ್ತದೆ. ಅದನ್ನು ಒಟ್ಟುಮಾಡಿಸಲು ಹೊರಟರೆ ಆಳು ಬೇಕು, ಆಳು ಸಿಗುವ ಕಾಲ ಅದಲ್ಲ. ಈ ರವದಿ, ತೆಂಗಿನ ಗರಿಗಳಂತಹ ಹಗುರ ಉಳಿಕೆಗಳನ್ನೇ ಉರಿಸಿ ವಿದ್ಯುತ್ ತಯಾರಿಸುವ 4.5 ಮೆಗಾವಾಟ್ ಸಾಮರ್ಥ್ಯದ ಸ್ಥಾವರವೊಂದು ಈ ಶತಮಾನದ ಆರಂಭದಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ಸ್ಥಾಪನೆಯಾಯಿತು. ಸೌದೆಯನ್ನೋ ಹೊಟ್ಟನ್ನೋ ಅವಲಂಬಿಸದೆ, ಯಾರೂ ಇಂಧನವೆಂದು ಗಣಿಸದಿದ್ದ ವಸ್ತುವನ್ನೇ ನಂಬಿಕೊಂಡ ಪ್ರಯತ್ನ ಎಂಬ ಕಾರಣಕ್ಕೆ ಅದು ಗಮನಾರ್ಹ.

ಅಂತಹ ಸ್ಥಾವರದ ಹೊಟ್ಟೆ ತುಂಬಿಸುವುದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ಸರಳ ಗುಣಾಕಾರ ಸಾಕು. ಒಂದು ಯೂನಿಟ್ ವಿದ್ಯುತ್ತಿಗೆ ಒಂದೂಕಾಲು ಕಿಲೋ ಆಸುಪಾಸಿನಲ್ಲಿ ಉಳಿಕೆ ಬೇಕೆಂದು ಹಿಡಿದರೆ, ಸ್ಥಾವರ ಸದಾ ಪೂರ್ಣ ಸಾಮರ್ಥ್ಯದಲ್ಲಿ ಓಡದಿದ್ದರೂ ಒಂದು ಮೆಗಾವಾಟ್‌ಗೆ ವರ್ಷಕ್ಕೆ ಎಂಟೊಂಬತ್ತು ಸಾವಿರ ಟನ್, ನಾಲ್ಕೂವರೆ ಮೆಗಾವಾಟ್‌ಗೆ ದಿನಕ್ಕೆ ನೂರು ಟನ್ನಿನಷ್ಟು ಬೇಕಾಗುತ್ತದೆ. ಒಂದು ಟ್ರೇಲರ್‌ನಲ್ಲಿ ಎರಡು ಟನ್ ಹಿಡಿಯಿತೆಂದರೂ ದಿನಕ್ಕೆ ಐವತ್ತು ಟ್ರೇಲರ್‌ಗಳು ಗೇಟಿಗೆ ಬರಬೇಕು, ಅವುಗಳ ಹಿಂದೆ ನೂರಾರು ಗದ್ದೆಗಳ ಮಾಲೀಕರೊಂದಿಗೆ ಮಾತುಕತೆಯಾಗಿರಬೇಕು. ಸುಗ್ಗಿಯ ಎರಡು ಮೂರು ತಿಂಗಳಲ್ಲಿ ಬರುವುದನ್ನು ವರ್ಷವಿಡೀ ಉರಿಸಲು ಬಣವೆ ಒಟ್ಟಬೇಕು, ಬಣವೆಗೆ ಜಾಗ ಬೇಕು, ಮಳೆಯಿಂದಲೂ ಕಿಡಿಯಿಂದಲೂ ಕಾಯಬೇಕು. ಇಷ್ಟಾದ ಮೇಲೆ ಬಾಯ್ಲರಿನ ಒಳಗಿನ ತಕರಾರು ಶುರುವಾಗುತ್ತದೆ. ಹುಲ್ಲು ಮತ್ತು ಎಲೆಗಳಲ್ಲಿ ಪೊಟ್ಯಾಷಿಯಂ ಮತ್ತು ಕ್ಲೋರಿನ್ ಹೆಚ್ಚಿದ್ದು, ಅವು ಬೂದಿ ಕರಗುವ ಉಷ್ಣತೆಯನ್ನು ತಗ್ಗಿಸುವುದರಿಂದ, ಕರಗಿದ ಬೂದಿ ಒಲೆಯ ಗೋಡೆಗೂ ಹಬೆಯ ಕೊಳವೆಗಳಿಗೂ ಗಾಜಿನಂತೆ ಮೆತ್ತಿಕೊಂಡು ಶಾಖವನ್ನು ತಡೆಯುತ್ತದೆ, ಕ್ಲೋರಿನ್ ಕೊಳವೆಯ ಲೋಹವನ್ನು ತಿನ್ನುತ್ತದೆ. ಬೆಳೆಗೆ ಒಳ್ಳೆಯದಾದ ಪೊಟ್ಯಾಷ್ ಬಾಯ್ಲರಿಗೆ ಕೆಟ್ಟದ್ದು.

ಸಾಗಣೆಯ ತೊಡಕನ್ನು ಬೇರು ಸಮೇತ ಕಿತ್ತುಹಾಕುವ ಇನ್ನೊಂದು ಆಲೋಚನೆಯೂ ಕರ್ನಾಟಕದಲ್ಲಿಯೇ ಗಟ್ಟಿಯಾಗಿ ಬೆಳೆಯಿತು: ಉಳಿಕೆಯನ್ನು ದೂರದ ಸ್ಥಾವರಕ್ಕೆ ಒಯ್ಯುವ ಬದಲು, ಊರಿನ ಅಳತೆಯ ಪುಟ್ಟ ಸ್ಥಾವರವನ್ನೇ ಊರಿಗೆ ತರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳನ್ನು ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿತು. ಅಲ್ಲಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿದ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ, ಪ್ರತಿ ಮನೆಯ ಒಲೆಗೂ ಅನಿಲ ಕೊಡುವುದು ಮೊದಲ ಯೋಜನೆಯಾಗಿತ್ತು. ಊರಿನ ದನಗಳ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಅರ್ಧ ಬೆಂದ ಅಡುಗೆಗೆ ಮತ್ತೆ ಸೌದೆಯೇ ಬೇಕಾದಾಗ ಜನರ ಆಸಕ್ತಿ ಕುಗ್ಗಿತು. ಊರಿನವರೊಂದಿಗೆ ಮತ್ತೆ ಚರ್ಚಿಸಿದಾಗ ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಕುಡಿಯುವ ನೀರೆಂದು ತಿಳಿಯಿತು, 1987ರಿಂದ ಅದೇ ಅನಿಲ ಎಂಜಿನ್ ಓಡಿಸಿ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸತೊಡಗಿತು.

ಆ ಘಟಕದ ದಿನಚರಿಯಲ್ಲಿ ಗಮನಿಸಬೇಕಾದದ್ದು ಸಗಣಿಯ ಲೆಕ್ಕ. ಬೆಳಗಿನಲ್ಲಿ ಮನೆಮನೆಯವರು ತಂದ ಸಗಣಿಯನ್ನು ತೂಗಿ ಬರೆದುಕೊಂಡು, ತಂದವರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು, ಚಿಕ್ಕದೊಂದು ಸಾಗಣೆ ಕೂಲಿ ಕೊಡಲಾಗುತ್ತಿತ್ತು; ಅನಿಲ ಬಿಟ್ಟುಕೊಟ್ಟ ಮೇಲೆ ಹೊರಬರುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಹರಡಿ ನೀರು ಬಸಿದು, ಕೊಟ್ಟ ಸಗಣಿಗೆ ತಕ್ಕಷ್ಟನ್ನು ಅವರವರಿಗೇ ಹಿಂದಿರುಗಿಸಲಾಗುತ್ತಿತ್ತು. ಸಗಣಿಯಲ್ಲಿನ ಇಂಗಾಲದ ಒಂದಂಶವನ್ನು ಮಾತ್ರ ಅನಿಲವಾಗಿ ತೆಗೆದುಕೊಂಡು, ಸಾರಜನಕ, ರಂಜಕಗಳನ್ನು ತಿಪ್ಪೆಗೆ ವಾಪಸು ಕೊಟ್ಟಿದ್ದರಿಂದ ರೈತನ ಗೊಬ್ಬರಕ್ಕೆ ನಷ್ಟವಾಗಲಿಲ್ಲ. ಇಂಧನ ಯೋಜನೆಗಳ ದೊಡ್ಡ ದೊಡ್ಡ ವರದಿಗಳಲ್ಲಿ ಕಾಣದ ಈ ಎರಡು ಏರ್ಪಾಟುಗಳು, ತಂದವರಿಗೆ ಕೂಲಿ ಮತ್ತು ಮಣ್ಣಿಗೆ ವಾಪಸು, ಇಡೀ ವಿಷಯದ ತಿರುಳನ್ನು ಹಿಡಿದಿವೆ ಎನ್ನಬೇಕು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ನಡೆದದ್ದು ಬೇರೊಂದು ತಂತ್ರದ ಪ್ರಯೋಗ. ಐವತ್ತಕ್ಕಿಂತ ಕಡಿಮೆ ಮನೆಗಳಿದ್ದ ಆ ಊರಿಗೆ ಗ್ರಿಡ್ ವಿದ್ಯುತ್ ಬಂದಿರಲಿಲ್ಲ. ಅಲ್ಲಿ ಅಳವಡಿಸಿದ ಗ್ಯಾಸಿಫೈಯರ್ ಎಂಬ ಅನಿಲಕಾರಕದಲ್ಲಿ ಸೌದೆಯ ಚೂರುಗಳನ್ನು ಪೂರ್ತಿ ಉರಿಯಲು ಬಿಡದೆ, ಬೇಕಾದುದಕ್ಕಿಂತ ಕಡಿಮೆ ಗಾಳಿ ಕೊಟ್ಟು ಬೇಯಿಸಲಾಗುತ್ತದೆ. ಮೇಲಿನಿಂದ ಇಳಿಯುತ್ತ ಸೌದೆ ಮೊದಲು ಒಣಗುತ್ತದೆ, ಬಳಿಕ ಕಾದು ಹೊಗೆ ಬಿಟ್ಟು ಇದ್ದಿಲಾಗುತ್ತದೆ, ಆ ಹೊಗೆ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಉರಿಯ ವಲಯವನ್ನು ಹಾದು, ಕೊನೆಗೆ ಕೆಂಡವಾದ ಇದ್ದಿಲಿನ ಹಾಸಿನ ಮೂಲಕ ಸಾಗುವಾಗ ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕವೆಂಬ ಉರಿಯಬಲ್ಲ ಅನಿಲಗಳಾಗಿ ಮಾರ್ಪಡುತ್ತದೆ. ಪ್ರೊಡ್ಯೂಸರ್ ಗ್ಯಾಸ್ ಎಂದು ಹೆಸರಾದ ಈ ಮಿಶ್ರಣದಲ್ಲಿ ಅರ್ಧದಷ್ಟು ಗಾಳಿಯ ಸಾರಜನಕವೇ ಇರುವುದರಿಂದ ಅದರ ಕಸುವು ಕಡಿಮೆ, ಆದರೂ ಡೀಸೆಲ್ ಎಂಜಿನ್ನಿಗೆ ಗಾಳಿಯ ಜೊತೆ ಬೆರೆಸಿ ಕೊಟ್ಟರೆ ಬಹುಪಾಲು ಡೀಸೆಲ್ ಉಳಿಯುತ್ತದೆ. ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದ ಕಾಲದಲ್ಲಿ ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು ಓಡಾಡಿದ ಬಸ್ಸುಗಳದ್ದೂ ಇದೇ ತಂತ್ರ. ಅನಿಲದ ಜೊತೆ ಬರುವ ಟಾರ್ ಎಂಬ ಅಂಟುದ್ರವ ಎಂಜಿನ್ನಿನ ಕವಾಟಗಳನ್ನು ಕಟ್ಟಿಹಾಕುವುದು ಇದರ ಹಳೆಯ ಕಾಯಿಲೆ, ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ತೆರೆದ ತಲೆಯ ಅನಿಲಕಾರಕದಲ್ಲಿ ಗಾಳಿಯನ್ನು ಮೇಲಿನಿಂದಲೂ ಪಕ್ಕದ ನಳಿಕೆಗಳಿಂದಲೂ ಬಿಟ್ಟು ಟಾರ್ ಒಳಗೇ ಸುಟ್ಟುಹೋಗುವಂತೆ ಮಾಡಿದ್ದು ಅದಕ್ಕೆ ದೊರೆತ ಒಳ್ಳೆಯ ಮದ್ದು. ಊರಿನ ಬಳಿ ಮರ ಬೆಳೆಸಿ ಪಡೆದ ಸೌದೆಯಿಂದ ಹೊಸಹಳ್ಳಿಯಲ್ಲಿ ದೀಪ ಉರಿಯಿತು, ಕುಡಿಯುವ ನೀರು ಬಂತು, ಹಿಟ್ಟಿನ ಗಿರಣಿ ತಿರುಗಿತು. 2001ರ ನಂತರ ವಿಶ್ವಸಂಸ್ಥೆಯ ನೆರವಿನ ಯೋಜನೆಯಡಿ ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ ಇನ್ನೂ ದೊಡ್ಡ ಘಟಕಗಳು ಬಂದು, ಹಳ್ಳಿಯ ವಿದ್ಯುತ್ತನ್ನು ಗ್ರಿಡ್‌ಗೆ ಮಾರುವ ಪ್ರಯತ್ನವೂ ನಡೆಯಿತು.

ಇಂತಹ ಘಟಕಗಳು ಹಳ್ಳಿಹಳ್ಳಿಗೆ ಹಬ್ಬಲಿಲ್ಲವೇಕೆ ಎಂಬುದಕ್ಕೆ ತಂತ್ರಜ್ಞಾನದ ಸೋಲನ್ನು ಕಾರಣವಾಗಿ ಹೇಳುವುದು ಅನ್ಯಾಯ. ಗ್ರಿಡ್ಡಿನ ತಂತಿ ಹಳ್ಳಿಗಳನ್ನು ತಲುಪಿತು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಸಿಗುವ ರಾಜ್ಯದಲ್ಲಿ, ಸೌದೆ ಕಡಿದು, ಚೂರು ಮಾಡಿ, ಒಣಗಿಸಿ, ಎಂಜಿನ್ ಕಾಯ್ದು ತಯಾರಿಸಿದ ಯೂನಿಟ್‌ಗೆ ದುಡ್ಡು ಕೊಡುವವರು ಯಾರು? ತರಬೇತಾದ ಆಪರೇಟರ್ ಪೇಟೆಯಲ್ಲಿ ಹೆಚ್ಚು ಸಂಬಳದ ಕೆಲಸ ಹಿಡಿದರೆ ಘಟಕ ನಿಲ್ಲುತ್ತಿತ್ತು. ಈ ಎಲ್ಲ ಪ್ರಯೋಗಗಳನ್ನು ಕಂಡ ತುಮಕೂರು ಜಿಲ್ಲೆಯಲ್ಲಿಯೇ ಇಂದು 2,000 ಮೆಗಾವಾಟ್ ಮೀರಿದ ಪಾವಗಡದ ಸೌರ ಪಾರ್ಕ್ ಇದೆ. ಬಿಸಿಲನ್ನು ಯಾರೂ ಕಟ್ಟು ಕಟ್ಟಿ ಹೊರಬೇಕಾಗಿಲ್ಲ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಸೌರ ವಿದ್ಯುತ್ತಿನ ಹರಾಜು ದರ ಯೂನಿಟ್‌ಗೆ 2.44 ರೂಪಾಯಿಗೆ ಇಳಿಯಿತು. ಕಿಲೋಗೆ ಮೂರು ರೂಪಾಯಿಯ ಉಳಿಕೆಯನ್ನು ಯೂನಿಟ್‌ಗೆ ಒಂದೂಕಾಲು ಕಿಲೋದಂತೆ ಉರಿಸುವ ಸ್ಥಾವರಕ್ಕೆ ಇಂಧನವೊಂದಕ್ಕೇ 3.75 ರೂಪಾಯಿ ತಗಲುತ್ತದೆ.

ಆ ಮೂರು ರೂಪಾಯಿಯೂ ಸ್ಥಿರವಲ್ಲ. ಸ್ಥಾವರ ಕಟ್ಟುವಾಗ ಕಸವೆಂದು ಬಿಟ್ಟಿಗೆ ಸಿಗುತ್ತಿದ್ದ ವಸ್ತು, ಅದಕ್ಕೊಬ್ಬ ಗಿರಾಕಿ ಇದ್ದಾನೆಂದು ತಿಳಿದ ದಿನದಿಂದ ಬೆಲೆ ಪಡೆಯುತ್ತದೆ, ಆದರೆ ವಿದ್ಯುತ್ ಮಾರಾಟದ ಒಪ್ಪಂದದ ದರ ವರ್ಷಗಟ್ಟಲೆ ಹಾಗೆಯೇ ನಿಂತಿರುತ್ತದೆ. ಭತ್ತದ ಹೊಟ್ಟಿಗೆ ಇಟ್ಟಿಗೆ ಗೂಡಿನವರು, ಅಕ್ಕಿ ಗಿರಣಿಗಳ ಕುಸುಬಲಕ್ಕಿ ಬಾಯ್ಲರಿನವರು ಸಾಲುಗಟ್ಟಿದ್ದಾರೆ. ಅದರ ಬೂದಿಗೂ ಗಿರಾಕಿಯಿದ್ದಾನೆ, ಏಕೆಂದರೆ ಹೊಟ್ಟಿನ ತೂಕದ ಐದನೇ ಒಂದು ಭಾಗದಷ್ಟಿರುವ ಆ ಬೂದಿಯಲ್ಲಿ ಬಹುಪಾಲು ಸಿಲಿಕಾ ಇದ್ದು ಸಿಮೆಂಟು ಮತ್ತು ಉಷ್ಣನಿರೋಧಕ ಇಟ್ಟಿಗೆಗಳ ತಯಾರಿಕೆಗೆ ಒದಗುತ್ತದೆ. ಬಿಳಿಜೋಳದ ಕಣಿಕೆ ಮತ್ತು ಭತ್ತದ ಹುಲ್ಲು ದನಗಳ ಪಾಲು. ಬರದ ವರ್ಷದಲ್ಲಿ ಮೇವಿನ ಬ್ಯಾಂಕು ತೆರೆಯುವ ರಾಜ್ಯದಲ್ಲಿ ಹುಲ್ಲನ್ನು ಹೆಚ್ಚುವರಿ ಎಂದು ಕಾಗದದ ಮೇಲೆ ಬರೆಯುವುದಕ್ಕೆ ಧೈರ್ಯ ಬೇಕು. ಪಂಜಾಬಿನಲ್ಲಿ ಭತ್ತದ ಕೂಳೆ ಸುಡುವ ಸಮಸ್ಯೆಗೆ ದೊರೆಯುವ ಉತ್ತರವನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು. ಕೊಯ್ಲು ಯಂತ್ರ ಹೆಚ್ಚಿರುವ ಗಂಗಾವತಿ, ಸಿಂಧನೂರು ಭಾಗದಲ್ಲಿ ಹುಲ್ಲು ಗದ್ದೆಯಲ್ಲಿಯೇ ಉಳಿಯುವುದುಂಟು, ಹಳೆ ಮೈಸೂರಿನ ಸಣ್ಣ ಹಿಡುವಳಿಯಲ್ಲಿ ಅದರ ಪ್ರತಿ ಹೊರೆಗೂ ಒಂದು ಕೊಟ್ಟಿಗೆ ಕಾಯುತ್ತಿರುತ್ತದೆ. ತೊಗರಿ, ಹತ್ತಿ ಕಟ್ಟಿಗೆಗಳನ್ನು ದನ ತಿನ್ನುವುದಿಲ್ಲವಾದ್ದರಿಂದ ನಿಜವಾದ ಹೆಚ್ಚುವರಿಯನ್ನು ಅಲ್ಲಿ ಹುಡುಕುವುದು ಮೇಲು, ಅಡುಗೆ ಅನಿಲದ ಸಿಲಿಂಡರ್ ಬಂದ ಮೇಲೆ ಹೊಲದ ಬದುವಿನಲ್ಲಿ ಅವು ಸುಟ್ಟುಹೋಗುವುದೇ ಹೆಚ್ಚು.

ಗಾತ್ರದ ತೊಡಕಿಗೆ ಈಚಿನ ಉತ್ತರ ಬ್ರಿಕೆಟ್ ಮತ್ತು ಪೆಲೆಟ್. ಪುಡಿಮಾಡಿದ ಉಳಿಕೆಯನ್ನು ಭಾರಿ ಒತ್ತಡದಲ್ಲಿ ಅಚ್ಚಿನ ಮೂಲಕ ನೂಕಿದಾಗ ಉಂಟಾಗುವ ಬಿಸಿಗೆ ಲಿಗ್ನಿನ್ ಮೆತ್ತಗಾಗಿ, ತಣಿದ ಮೇಲೆ ಬೇರೆ ಅಂಟಿಲ್ಲದೆಯೇ ಗಟ್ಟಿ ತುಂಡಾಗುತ್ತದೆ. ಮುಷ್ಟಿಗಾತ್ರದ್ದು ಬ್ರಿಕೆಟ್, ಬೆರಳಿಗಿಂತ ಸಣ್ಣದು ಪೆಲೆಟ್. ಕೇಂದ್ರ ವಿದ್ಯುತ್ ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ನೀತಿಯಲ್ಲಿ ಕಲ್ಲಿದ್ದಲು ಸ್ಥಾವರಗಳು ಶೇ 5ರಷ್ಟು ಇಂತಹ ಪೆಲೆಟ್‌ಗಳನ್ನು ಬೆರೆಸಿ ಉರಿಸಬೇಕೆಂದಿತು. ರಾಯಚೂರು, ಬಳ್ಳಾರಿ, ಕೂಡಗಿಯ ಸ್ಥಾವರಗಳು ತೊಗರಿ–ಹತ್ತಿ–ಭತ್ತದ ಸೀಮೆಯಲ್ಲಿಯೇ ಇರುವುದು ಇಲ್ಲಿ ಅನುಕೂಲ. ಆದರೂ ವಿದ್ಯುತ್ತಿಗಿಂತ ಶಾಖಕ್ಕಾಗಿ ಉಳಿಕೆಯನ್ನು ಬಳಸುವುದೇ ಹೆಚ್ಚು ಜಾಣತನವೆನಿಸುತ್ತದೆ. ಸಣ್ಣ ಸ್ಥಾವರದಲ್ಲಿ ಉಳಿಕೆಯ ಶಕ್ತಿಯ ಐದನೇ ಒಂದು ಭಾಗ ಅಥವಾ ತುಸು ಹೆಚ್ಚು ಮಾತ್ರ ವಿದ್ಯುತ್ತಾಗುತ್ತದೆ, ಒಳ್ಳೆಯ ಒಲೆಯಲ್ಲೋ ಬಾಯ್ಲರಿನಲ್ಲೋ ಮುಕ್ಕಾಲು ಭಾಗದವರೆಗೂ ಶಾಖವಾಗಿ ದಕ್ಕುತ್ತದೆ. ಅಡಿಕೆ ಬೇಯಿಸುವ ಹಂಡೆ, ರಾಮನಗರ–ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಒಲೆ, ಹುಣಸೂರು–ಪಿರಿಯಾಪಟ್ಟಣದ ತಂಬಾಕು ಹದಮಾಡುವ ಬ್ಯಾರನ್ ಇವೆಲ್ಲ ಇಂದಿಗೂ ಮರವನ್ನು ತಿನ್ನುತ್ತಿರುವಾಗ, ಪಕ್ಕದ ಹೊಲದ ಕಟ್ಟಿಗೆ ಅಲ್ಲಿಗೆ ಹೋಗದೆ ನೂರು ಕಿಲೋಮೀಟರ್ ದೂರದ ಟರ್ಬೈನಿಗೆ ಹೋಗಬೇಕೆಂಬ ಹಠದಲ್ಲಿ ಹೆಚ್ಚು ಅರ್ಥವಿಲ್ಲ.

ತೇವದ ಉಳಿಕೆಗೆ ಸುಡುವ ದಾರಿ ಹೊಂದುವುದಿಲ್ಲ, ಅದಕ್ಕೆ ಕೊಳೆಸುವ ದಾರಿಯೇ ಸರಿ. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಮೊದಲು ಪಿಷ್ಟ, ಕೊಬ್ಬು, ಸೆಲ್ಯುಲೋಸ್‌ಗಳನ್ನು ಸರಳ ಸಕ್ಕರೆ ಮತ್ತು ಆಮ್ಲಗಳಾಗಿ ಒಡೆದು, ಮತ್ತೊಂದು ಬಗೆಯ ಜೀವಿಗಳು ಆ ಆಮ್ಲಗಳಿಂದ ಮೀಥೇನ್ ತಯಾರಿಸುತ್ತವೆ. ಹೊರಬರುವ ಅನಿಲದಲ್ಲಿ ಮೀಥೇನ್ ಅರ್ಧಕ್ಕಿಂತ ತುಸು ಹೆಚ್ಚಿದ್ದು, ಇಂಗಾಲದ ಡೈಆಕ್ಸೈಡ್ ಮತ್ತು ಗಂಧಕದ ಅನಿಲವನ್ನು ತೆಗೆದು ಮೀಥೇನ್ ಅಂಶವನ್ನು ಶೇ 90ರ ಮೇಲಕ್ಕೆ ಏರಿಸಿದರೆ ವಾಹನಕ್ಕೆ ತುಂಬುವ ಸಿಎನ್‌ಜಿಗೆ ಸಮನಾದ ಸಂಕುಚಿತ ಜೈವಿಕ ಅನಿಲ, ಅಂದರೆ ಸಿಬಿಜಿ, ಸಿಗುತ್ತದೆ. ತೈಲ ಕಂಪನಿಗಳು ಇದನ್ನು ನಿಗದಿತ ದರಕ್ಕೆ ಕೊಳ್ಳುವ ‘ಸತತ್’ ಯೋಜನೆ 2018ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಲಿಗ್ನಿನ್ ಈ ಸೂಕ್ಷ್ಮಜೀವಿಗಳಿಗೆ ಜೀರ್ಣವಾಗದ ಕಾರಣ ಕಟ್ಟಿಗೆಯಂತಹ ಉಳಿಕೆ ಇಲ್ಲಿ ನಡೆಯದು, ಆದರೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಹೇಳಿ ಮಾಡಿಸಿದ ವಸ್ತು. ಕಬ್ಬಿನ ಹಾಲನ್ನು ಸುಣ್ಣ ಹಾಕಿ ತಿಳಿಗೊಳಿಸಿ ಸೋಸಿದಾಗ ಉಳಿಯುವ ಈ ಕಪ್ಪು ಮಡ್ಡಿ ಕಬ್ಬಿನ ತೂಕದ ಶೇ 3ರಿಂದ 4ರಷ್ಟಿದ್ದು, ಸಿಪ್ಪೆಯಂತೆಯೇ ಯಾರೂ ಹೊರದೆ ಒಂದೇ ಜಾಗದಲ್ಲಿ ಬೀಳುತ್ತದೆ.

ಪ್ರೆಸ್‌ಮಡ್‌ಗೆ ಮೊದಲೇ ಒಬ್ಬ ಹಕ್ಕುದಾರನಿದ್ದಾನೆ. ಕಬ್ಬು ಇಳಿಸಿ ಖಾಲಿಯಾಗಿ ಮರಳುವ ಟ್ರ್ಯಾಕ್ಟರ್‌ಗಳಲ್ಲಿ ಅದನ್ನು ತುಂಬಿಕೊಂಡು ಹೋಗಿ ಗದ್ದೆಗೆ ಹಾಕುವುದು ಕಬ್ಬಿನ ಸೀಮೆಯ ರೂಢಿ, ಹಾಗಾಗಿ ಅನಿಲ ಘಟಕ ಅದನ್ನು ಕೊಂಡರೆ ರೈತನ ಪಾಲಿನ ಗೊಬ್ಬರ ಘಟಕದ ತೊಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡದಲ್ಲಿ ಪೋಷಕಾಂಶಗಳೆಲ್ಲ ಹಾಗೆಯೇ ಇರುತ್ತವೆ, ನೀರು ಮಾತ್ರ ವಿಪರೀತ; ಅದನ್ನು ಹಿಂಡಿ ಒಣಗಿಸದೆ ಹತ್ತು ಹದಿನೈದು ಕಿಲೋಮೀಟರ್ ಸಾಗಿಸುವುದೆಂದರೆ ನೀರು ಸಾಗಿಸಿದಂತೆ. ಕೇಂದ್ರ ಸರ್ಕಾರ 2023ರಲ್ಲಿ ಇಂತಹ ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿದ್ದು ಈ ಸಾಗಣೆಯ ಭಾರವನ್ನು ಒಪ್ಪಿಕೊಂಡಂತಿದೆ. ಪುರ ಗ್ರಾಮದಲ್ಲಿ ಸಗಣಿ ಕೊಟ್ಟವರಿಗೆ ಬಗ್ಗಡ ಹಿಂದಿರುಗಿಸಿದ ಹಾಗೆ, ಕಬ್ಬು ಕೊಟ್ಟ ರೈತನಿಗೆ ಟನ್ ಲೆಕ್ಕದಲ್ಲಿ ಇಂತಿಷ್ಟು ಗೊಬ್ಬರವೆಂದು ಒಪ್ಪಂದದಲ್ಲಿಯೇ ಬರೆದುಕೊಂಡು, ಮರಳುವ ಖಾಲಿ ಟ್ರೇಲರ್‌ಗೆ ತುಂಬಿ ಕಳಿಸುವ ಏರ್ಪಾಟು ಮಾಡಿಕೊಂಡರೆ, ಆ ಘಟಕಕ್ಕೆ ಮುಂದಿನ ಹಂಗಾಮಿನಲ್ಲಿ ಪ್ರೆಸ್‌ಮಡ್‌ಗಾಗಿ ರೈತನೊಂದಿಗೆ ಜಗ್ಗಾಡಬೇಕಾಗಿ ಬರಲಾರದು.